ಊರ ಕಿವಿ ತೊಳೆಯುವ ಉಪ್ಪುನೀರಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಆಭರಣದಂಗಡಿಯ ಮುಂಬಾಗಿಲಿನ ಶಟರ್ ನೆಲ ಕಚ್ಚಿಕೊಂಡಿದೆ. ಆದರೆ ಹಿಂದಿನ ಓಣಿಯಲ್ಲಿ, ಕಸದ ಡ್ರಮ್ಮಿಗೂ ನೀರಿನ ಪೈಪಿಗೂ ನಡುವಿನ ಕಿರುಬಾಗಿಲ ಮುಂದೆ ಆಗಲೇ ನಾಲ್ಕೈದು ಮಂದಿ ನಿಂತಿದ್ದಾರೆ. ಒಬ್ಬಳು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದಾಳೆ. ಇನ್ನೊಬ್ಬ ಕತ್ತನ್ನು ಒಂದೇ ಕಡೆಗೆ ವಾಲಿಸಿಕೊಂಡು, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಾನೆ. ಹಸುಗೂಸನ್ನು ಹೆಗಲಿಗೆ ಹಾಕಿಕೊಂಡ ತಾಯಿಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿದೆ. ಚುಚ್ಚಿಸಿಕೊಂಡ ಗಾಯಕ್ಕೊಂದು ಕೆಟ್ಟ ಬುದ್ಧಿ ಇದೆ. ಹಗಲೆಲ್ಲ ಸುಮ್ಮನಿದ್ದು, ದಿಂಬಿಗೆ ತಲೆ ಕೊಟ್ಟ ಮೇಲೆ ಬಾಯಿ ತೆಗೆಯುತ್ತದೆ. ಹಾಗಾಗಿ ಇಲ್ಲಿ ಜನ ಸೇರುವುದು ಬೆಳಗಿನ ಜಾವಕ್ಕೇ.

ಕಿರುಬಾಗಿಲ ಒಳಗೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕೋಣೆ. ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು, ಒಂದು ಬೇಸಿನ್ನು, ಮೂಲೆಯಲ್ಲಿ ಗ್ಯಾಸ್ ಒಲೆ. ಒಲೆಯ ಮೇಲೆ ತಳ ಕಪ್ಪಾದ ಕುಕ್ಕರ್ ಕೂಗುತ್ತಿದೆ. ಬೇಯುತ್ತಿರುವುದು ಅನ್ನವಲ್ಲ, ಸಣ್ಣ ಇಕ್ಕಳಗಳು, ಕತ್ತರಿ, ಸ್ಟೀಲ್ ಬಟ್ಟಲುಗಳು. ಪಕ್ಕದಲ್ಲಿ ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಲೆಕ್ಕದಲ್ಲಿ ಉಪ್ಪು ಬೆರೆಸುತ್ತ ನಿಂತಿರುವ, ಐವತ್ತರ ಆಸುಪಾಸಿನ ಹೆಂಗಸೇ ಉಪ್ಪುನೀರಕ್ಕ. ತಾಯಿ ತಂದೆ ಇಟ್ಟ ಹೆಸರು ಅಂಗಡಿಯ ಹಾಜರಿ ಪುಸ್ತಕದಲ್ಲಷ್ಟೇ ಇದೆ. ಅದರ ಎದುರಿಗೆ ಬರೆದಿರುವ ಹುದ್ದೆ ಇಂದಿಗೂ ‘ಕಸ ಗುಡಿಸುವವರು’.

ಮೊದಲ ಸರದಿ ಗೋದಾಮಿನಲ್ಲಿ ಮೂಟೆ ಹೊರುವವನದು. ಕಂಬದಂಥ ಆಳು. ಹುಬ್ಬಿಗೆ ರಿಂಗ್ ಹಾಕಿಸಿಕೊಂಡಿದ್ದಾನೆ, ಹುಬ್ಬು ಊದಿ ಕಣ್ಣನ್ನು ಅರ್ಧ ಮುಚ್ಚಿಬಿಟ್ಟಿದೆ. ಒದ್ದೆ ಗಾಜ್ ಬಟ್ಟೆ ತಾಗುತ್ತಿದ್ದಂತೆಯೇ ಅವನು ಸ್ಟೂಲಿನಿಂದ ಅರ್ಧ ಎದ್ದೇಬಿಡುತ್ತಾನೆ.

“ಕೂತ್ಕೊಳ್ಳೋ. ಮೂಟೆ ಮೂಟೆ ಸಿಮೆಂಟ್ ಹೊರ್ತೀಯ, ಸಾಸಿವೆಕಾಳಷ್ಟು ಹಕ್ಕಳೆಗೆ ಓಡಿಹೋಗ್ತೀಯಲ್ಲ. ಏನು ಹಚ್ಚಿದ್ದೆ ಇದಕ್ಕೆ?”

“ಟೂತ್‌ಪೇಸ್ಟ್ ಅಕ್ಕಾ. ತಣ್ಣಗಿರುತ್ತೆ ಅಂತ ಫ್ರೆಂಡ್ ಹೇಳ್ದ.”

“ಯಾಕೆ, ಹುಬ್ಬಿಗೆ ಹಲ್ಲು ಬಂದಿತ್ತಾ?”

ಹೊರಗೆ ನಿಂತವರೆಲ್ಲ ನಗುತ್ತಾರೆ. ಕತ್ತು ವಾಲಿಸಿಕೊಂಡವನೂ ನಗಲು ಹೋಗಿ, ಕಿವಿ ಎಳೆದಂತಾಗಿ ಮುಖ ಕಿವುಚುತ್ತಾನೆ. ಆ ನಗುವಿನ ಸಂದಿಯಲ್ಲೇ ಅಕ್ಕನ ಕೆಲಸ ಮುಗಿದಿರುತ್ತದೆ. ಅವರು ಹಕ್ಕಳೆಯನ್ನು ಕೀಳುವುದಿಲ್ಲ. ಉಪ್ಪುನೀರಲ್ಲಿ ತೊಯ್ದ ಬಟ್ಟೆಯನ್ನು ಅದರ ಮೇಲಿಟ್ಟು, ಒಂದು ಹಾಡು ಮುಗಿಯುವಷ್ಟು ಹೊತ್ತು ಸುಮ್ಮನೆ ಕಾಯುತ್ತಾರೆ. ಹಕ್ಕಳೆ ತಾನಾಗಿ ಮೆತ್ತಗಾಗಿ ಬಟ್ಟೆಯ ಜೊತೆಗೇ ಬಂದುಬಿಡುತ್ತದೆ. ಹತ್ತಿ ಬಳಸುವುದಿಲ್ಲ, ಎಳೆ ಸಿಕ್ಕಿಕೊಳ್ಳುತ್ತದಂತೆ. ರಿಂಗನ್ನು ತಿರುಗಿಸುವುದೂ ಇಲ್ಲ. ಒಣಗಿದ ಕೀವನ್ನು ತಿರುಗಿಸಿ ಒಳಗೆ ಎಳೆದುಕೊಳ್ಳುವುದೆಂದರೆ ಬೀದಿಯ ಕಸ ಗುಡಿಸಿ ಮನೆಯೊಳಗೆ ಹಾಕಿಕೊಂಡ ಹಾಗೆ ಎಂಬುದು ಅವರ ವಾದ. ಕೊನೆಗೆ ಕಾಗದದ ಟಿಶ್ಯೂ ಒತ್ತಿ ತೇವ ತೆಗೆದು, ದಿಂಬಿನ ಬಟ್ಟೆ ದಿನಾ ಬದಲಿಸು, ಆ ಮಗ್ಗುಲಲ್ಲಿ ಮಲಗಬೇಡ, ಕೈ ತೊಳೆಯದೆ ಮುಟ್ಟಬೇಡ ಎಂದು ಹೇಳಿ ಕಳಿಸುತ್ತಾರೆ. ಹೀಗೆ ದಿನಕ್ಕೆ ಮೂವತ್ತು ನಲವತ್ತು ಮೂಗು, ಕಿವಿ, ಹುಬ್ಬು, ತುಟಿ, ಹೊಕ್ಕುಳು ಈ ಸ್ಟೂಲಿನ ಮೇಲೆ ಬಂದು ಕೂರುತ್ತವೆ.

ಹಸುಗೂಸಿನ ಓಲೆಯ ತಿರುಪು ಹಾಲೆಯೊಳಗೆ ಹೂತುಹೋಗಿದೆ. ಮಗು ದಪ್ಪಗಾಗುತ್ತ ಹೋದರೂ ಬಿಗಿದ ತಿರುಪನ್ನು ಯಾರೂ ಸಡಿಲಿಸಿಲ್ಲ. ಅಕ್ಕ ಮಗುವಿನ ಕಿವಿಗೆ ಬಾಯಿ ಹತ್ತಿರ ತಂದು ಏನೇನೋ ಗುನುಗುತ್ತಾರೆ. ಮಗು ಆ ಗುನುಗು ಎಲ್ಲಿಂದ ಬರುತ್ತಿದೆ ಎಂದು ಹುಡುಕುವಷ್ಟರಲ್ಲಿ ತಿರುಪು ಅವರ ಅಂಗೈಗೆ ಬಂದಿರುತ್ತದೆ. ತಾಯಿಯ ಕಣ್ಣಲ್ಲಿ ನೀರು. “ಅಳ್ಬೇಡಮ್ಮ. ಗೊತ್ತಿಲ್ದೆ ಆಗಿದ್ದು,” ಎನ್ನುತ್ತಾರೆ ಅಕ್ಕ. ಹೇಳಿದವರೇ ಗೋಡೆಯ ಕಡೆ ತಿರುಗಿ, ಆಗಲೇ ತೊಳೆದಿದ್ದ ಬಟ್ಟಲನ್ನು ಮತ್ತೆ ತೊಳೆಯುತ್ತಾರೆ.

ಈ ವಿದ್ಯೆ ಅವರಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಗಂಡ ಮಗಳ ಮುಖ ನೋಡುವ ಮೊದಲೇ ತೀರಿಕೊಂಡಾಗ, ಹೊಟ್ಟೆಪಾಡಿಗೆ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದರು. ಡ್ರೆಸಿಂಗ್ ಕೋಣೆಯಲ್ಲಿ ಬೇಸಿನ್ ಹಿಡಿದು ನಿಲ್ಲುವ ಕೆಲಸ. ಅಲ್ಲಿದ್ದ ಹಿರಿಯ ನರ್ಸಮ್ಮ ಬಾಯಿ ಜೋರಿನವರಾದರೂ ಕೈ ಮೆತ್ತಗಿನವರು. ಅವರ ಕೈಯನ್ನೇ ನೋಡುತ್ತ ನೋಡುತ್ತ ಇವರ ಕೈ ಪಳಗಿತು. ಗುತ್ತಿಗೆ ಮುಗಿದು ಆಸ್ಪತ್ರೆಯ ಕೆಲಸ ಹೋದ ಮೇಲೆ ಈ ಅಂಗಡಿಗೆ ಕಸ ಗುಡಿಸಲು ಬಂದರು. ಒಂದು ದಿನ ಮೂಗು ಚುಚ್ಚಿಸಿಕೊಂಡು ಹೋದವಳೊಬ್ಬಳು ಬಾತ ಮೂಗಿನೊಂದಿಗೆ ಬಂದು ಮಾಲೀಕರ ಮೇಲೆ ರೇಗಾಡುತ್ತಿದ್ದಾಗ, ಪೊರಕೆ ಕೆಳಗಿಟ್ಟು ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಬೈಯುತ್ತ ಬಂದವಳು ಕೈಮುಗಿದು ಹೋದಳು. ಮಾಲೀಕರು ವ್ಯಾಪಾರಸ್ಥರು, ಗಾಳಿ ಬಂದಾಗ ತೂರಿಕೊಳ್ಳುವುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂದಿನಿಂದ ಅಂಗಡಿಯ ಮುಂಭಾಗದಲ್ಲಿ ಕಿವಿ ಮೂಗು ಚುಚ್ಚುವ ಗನ್ ಹಿಡಿಯುವುದು ಮಾಲೀಕರ ಕೆಲಸ, ಬಾತು ಬಂದವರನ್ನು ಹಿಂದೆ ಸಮಾಧಾನ ಮಾಡುವುದು ಅಕ್ಕನ ಕೆಲಸ. ಕಸ ಗುಡಿಸುವುದೇನೂ ತಪ್ಪಲಿಲ್ಲ.

ಆಭರಣ ತೊಳೆಯುವುದೂ ಇವರ ಪಾಲಿಗೇ ಬಂತು. ಮದುವೆಯಾದಾಗಿನಿಂದ ಬಿಚ್ಚದ ಮೂಗುತಿ, ಕಪ್ಪುಗಟ್ಟಿದ ಬೆಂಡೋಲೆ, ಸೋಪು ಮೆತ್ತಿ ಮಂಕಾದ ಹರಳು. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಲ್ಲಿ ನೆನೆಹಾಕಿ, ಮಕ್ಕಳ ಹಲ್ಲುಜ್ಜುವ ಬ್ರಷ್ಷಿನಿಂದ ಹಿಂಬದಿಯನ್ನು ತಿಕ್ಕುತ್ತಾರೆ. “ಎಲ್ರೂ ಮುಂದೆ ಹೊಳೀಲಿ ಅಂತಾರೆ. ಕೊಳೆ ಇರೋದು ಹಿಂದೆ, ಮೈಗೆ ತಾಗೋ ಕಡೆ,” ಎನ್ನುತ್ತಾರೆ. ನೀರಲ್ಲಿ ನೆಂದು ನೆಂದು ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ಸರ್ಕಾರಿ ಕಚೇರಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದು ಇವರನ್ನು ಯಾರೆಂದೇ ಒಪ್ಪಿಕೊಳ್ಳುವುದಿಲ್ಲ ಎಂದು ತಾವೇ ತಮಾಷೆ ಮಾಡಿಕೊಳ್ಳುತ್ತಾರೆ.

ಇಷ್ಟರ ಮೇಲೆ ಅವರದೊಂದು ಮಾತಿತ್ತು. ಓಣಿಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಮಾತು. “ಕೀವಾಯ್ತು ಅಂತ ರಿಂಗ್ ತೆಗೀಬೇಡಿ. ತೆಗೆದ್ರೆ ತೂತು ಮುಚ್ಕೊಳ್ಳುತ್ತೆ. ಕಳ್ಳನ್ನ ಒಳಗಿಟ್ಟು ಬಾಗಿಲು ಹಾಕಿದ ಹಾಗೆ.” ಈ ಮಾತಿನಿಂದ ಎಷ್ಟೋ ಹಾಲೆಗಳು, ಮೂಗುಗಳು ಉಳಿದವು. ಈಗ ಅವರು ಆ ಮಾತು ಆಡುವುದಿಲ್ಲ.

ಯಾಕೆ ಎಂಬುದು ಇವತ್ತು ಬೆಳಗ್ಗೆಯೇ ಕಣ್ಣಿಗೆ ಬೀಳುತ್ತದೆ. ಕತ್ತು ವಾಲಿಸಿಕೊಂಡು ಬಂದವನು ಹೋಟೆಲಿನಲ್ಲಿ ತಟ್ಟೆ ಎತ್ತುವ ಯುವಕ. ಅವನ ಸರದಿ ಬಂದಾಗ ಅಕ್ಕ ಟ್ಯೂಬ್‌ಲೈಟಿನ ಕೆಳಗೆ ಅವನನ್ನು ನಿಲ್ಲಿಸಿ ಕಿವಿ ನೋಡುತ್ತಾರೆ. ಚುಚ್ಚಿರುವುದು ಕೆಳಗಿನ ಮೆತ್ತನೆಯ ಹಾಲೆಗಲ್ಲ. ಮೇಲೆ, ಕಿವಿಯ ಗಟ್ಟಿ ಅಂಚಿಗೆ. ಆ ಭಾಗ ದಾಸವಾಳದ ಹಾಗೆ ಕೆಂಪೇರಿ ಬಿಗಿದುಕೊಂಡಿದೆ. ಅಕ್ಕನ ಕೈಯಲ್ಲಿದ್ದ ಇಕ್ಕಳ ಬಟ್ಟಲಿಗೆ ಬೀಳುತ್ತದೆ. ನಗಿಸುತ್ತಿದ್ದ ಮುಖ ಅದಲ್ಲ.

“ಆಸ್ಪತ್ರೆಗೆ ಹೋಗು.”

“ಸ್ವಲ್ಪ ತೊಳೆದುಬಿಡಿ ಅಕ್ಕಾ, ಸಾಕು. ಆಸ್ಪತ್ರೆಗೆ ಹೋದ್ರೆ ಅರ್ಧ ದಿನ ಹೋಗುತ್ತೆ.”

“ನಾನು ಮುಟ್ಟಲ್ಲ. ಈಗ್ಲೇ ಹೋಗು. ಮನೆಗೆ ಹೋಗ್ಬೇಡ, ಕೆಲಸಕ್ಕೆ ಹೋಗ್ಬೇಡ, ನೆಟ್ಟಗೆ ಆಸ್ಪತ್ರೆಗೆ ಹೋಗು. ಕಿವಿ ಬೇಕಾ ಬೇಡ್ವಾ ನಿಂಗೆ?”

ಅಷ್ಟು ಹೊತ್ತಿಗೆ ಮುಂದಿನ ಶಟರ್ ಎತ್ತಿದ ಮಾಲೀಕರು ಪರದೆ ಸರಿಸಿ ಇಣುಕುತ್ತಾರೆ. “ಏನಮ್ಮಾ, ಬಂದವರನ್ನೆಲ್ಲ ಹೀಗೆ ಹೆದರಿಸಿ ಕಳಿಸಿದ್ರೆ ನಾಳೆ ನನ್ನ ಅಂಗಡಿಗೆ ಯಾರು ಬರ್ತಾರೆ? ತೊಳೆಯೋಕೆ ತಾನೇ ನಿನ್ನನ್ನ ಇಟ್ಕೊಂಡಿರೋದು?” ಅಕ್ಕ ಯುವಕನ ಭುಜ ಹಿಡಿದು ಓಣಿಯ ತುದಿಯವರೆಗೆ ನಡೆಸಿಕೊಂಡು ಹೋಗಿ, ಬಸ್ಸು ನಿಲ್ಲುವ ಕಡೆ ತೋರಿಸಿ, ಅವನು ಹತ್ತುವ ತನಕ ನಿಂತಿದ್ದು ಬರುತ್ತಾರೆ.

ಎರಡು ವರ್ಷದ ಹಿಂದೆ ಅವರ ಮಗಳೂ ಹಾಗೇ ಕತ್ತು ವಾಲಿಸಿಕೊಂಡು ಕೂತಿದ್ದಳು.

ಒಬ್ಬಳೇ ಮಗಳು. ಕಾಲೇಜಿನ ಕೊನೆಯ ಪರೀಕ್ಷೆ ಮುಗಿದಿತ್ತು. ಗೆಳತಿಯರ ಹಾಗೆ ಮೇಲುಗಿವಿಗೊಂದು ಹರಳು ಬೇಕು ಎಂದಳು. ಬೇರೆ ತಾಯಂದಿರಾಗಿದ್ದರೆ ಬೈದು ಕೂರಿಸುತ್ತಿದ್ದರೇನೋ. ಇವರಿಗೆ ಹೆಮ್ಮೆ. ಊರವರ ಮಕ್ಕಳಿಗೆಲ್ಲ ಮಾಡುವ ಕೆಲಸ, ತನ್ನ ಮಗಳಿಗೆ ಮಾಡಲು ಒಂದು ಅವಕಾಶ ಬಂತಲ್ಲ ಎಂಬ ಸಂಭ್ರಮ. ಅಕ್ಕಿಕಾಳಿನಷ್ಟು ಬಿಳಿ ಹರಳಿನ ಸ್ಟಡ್ಡನ್ನು ತಾವೇ ಆರಿಸಿದರು, ತಾವೇ ಕುಕ್ಕರಿಗೆ ಹಾಕಿದರು. ಮಾಲೀಕರು ನಗುತ್ತಲೇ ಗನ್ ಹಿಡಿದು ಟಪ್ ಅನ್ನಿಸಿದರು.

“ಒಳಗೆ ಹೋಗೋ ಕಡ್ಡೀನ ಕುದಿಸಿದೆ. ಅದನ್ನ ತಳ್ಳೋ ಗನ್ನನ್ನ ಬರೀ ಸ್ಪಿರಿಟ್ ಹಾಕಿ ಒರೆಸಿದೆ. ಅದು ಪ್ಲಾಸ್ಟಿಕ್ಕು, ಕುಕ್ಕರಿಗೆ ಹಾಕಿದ್ರೆ ಕರಗುತ್ತೆ. ಎಷ್ಟು ಜನರ ರಕ್ತ ನೋಡಿತ್ತೋ ಅದು. ದಿನಾ ಒರೆಸ್ತಿದ್ದೋಳಿಗೆ, ಒರೆಸಿದ್ರೆ ಸಾಲದು ಅಂತ ಅವತ್ತೂ ತಲೆಗೇ ಬರಲಿಲ್ಲ,” ಎನ್ನುತ್ತಾರೆ ಅಕ್ಕ.

ಎರಡು ಮೂರು ದಿನಕ್ಕೇ ಕಿವಿಯ ಮೇಲ್ಭಾಗ ಕೆಂಡವಾಯಿತು. ಕೆಳಗಿನ ಹಾಲೆ ಮಾತ್ರ ತಣ್ಣಗಿತ್ತು. ಹಾಲೆ ತಣ್ಣಗಿದೆಯಲ್ಲ, ಹಾಗಾದರೆ ದೊಡ್ಡದೇನಲ್ಲ ಎಂದು ಅಕ್ಕ ಸಮಾಧಾನಪಟ್ಟುಕೊಂಡರು. ಹಾಲೆಯ ಬುದ್ಧಿಯೇ ಬೇರೆ, ಮೇಲಿನ ಗಟ್ಟಿ ಅಂಚಿನ ಬುದ್ಧಿಯೇ ಬೇರೆ. ಅಲ್ಲಿ ಗಾಯ ಕೆಟ್ಟರೆ ಒಳಗಿಂದೊಳಗೇ ಕರಗುತ್ತ ಹೋಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನರ್ಸಮ್ಮನ ಕಾಲದಲ್ಲಿ ಅಲ್ಲಿಗೆ ಚುಚ್ಚಿಸಿಕೊಳ್ಳುವವರೇ ಇರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದು ಒಮ್ಮೆ ಉಪ್ಪುನೀರಲ್ಲಿ ತೊಳೆದರು. ಯಾರಿಗೂ ಅಷ್ಟು ಮೆತ್ತಗೆ ತೊಳೆದಿರಲಿಲ್ಲವಂತೆ.

“‘ಅಮ್ಮಾ, ಒಳಗಿಂದ ಸುಡ್ತಿದೆ, ಆಸ್ಪತ್ರೆಗೆ ಹೋಗೋಣ’ ಅಂದ್ಲು. ‘ನಾನಿರುವಾಗ ಆಸ್ಪತ್ರೆ ಯಾಕೆ’ ಅಂದೆ. ‘ಸ್ಟಡ್ ಆದ್ರೂ ತೆಗಿಯಮ್ಮ’ ಅಂದ್ಲು. ‘ತೆಗೀಬಾರ್ದು’ ಅಂದೆ. ರಾತ್ರಿ ನಿದ್ದೆಗಣ್ಣಲ್ಲಿ ಎಲ್ಲಿ ಕಿತ್ತು ಹಾಕ್ತಾಳೋ ಅಂತ ಅವಳ ಎರಡೂ ಕೈ ಹಿಡ್ಕೊಂಡು ಕೂತಿದ್ದೆ. ಬಿಡಿಸ್ಕೊಳ್ಳೋಕೆ ನೋಡ್ತಿದ್ಲು. ನಾನು ಬಿಡಲಿಲ್ಲ.”

ಕುಕ್ಕರ್ ಕೂಗಿದರೂ ಅಕ್ಕ ಒಲೆ ಆರಿಸಲು ಏಳುವುದಿಲ್ಲ.

ಜ್ವರ ಏರಿ ಮಗಳು ತೊದಲತೊಡಗಿದಾಗ ಅಕ್ಕ ಅಂಗಡಿಯಲ್ಲಿ ಯಾರದೋ ಮೂಗು ತೊಳೆಯುತ್ತಿದ್ದರು. ಪಕ್ಕದ ಮನೆಯಾಕೆ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿ ಸುದ್ದಿ ಕಳಿಸಿದಳು. ಡಾಕ್ಟರಿಗೆ ಆ ಹೊತ್ತಿಗೆ ಉಳಿದಿದ್ದ ದಾರಿ ಒಂದೇ, ಕೊಳೆತ ಭಾಗವನ್ನು ತೆಗೆಯುವುದು. ಜೀವಕ್ಕೇನೂ ಆಗಲಿಲ್ಲ. ಆದರೆ ಒಳಗಿನ ಆಧಾರ ಹೋದ ಕಿವಿ ಮೇಲಿನಿಂದ ಕುಸಿದು, ಒಣಗಿದ ಎಲೆಯ ಹಾಗೆ ಮುದುಡಿಕೊಂಡಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಾವೆಲ್ಲ ಸೋಮಾರಿ ಗಂಡಸರ ಮೇಲೆ ನಗುತ್ತ ಪ್ರಯೋಗಿಸುತ್ತೇವೆ. ಈ ಹೆಂಗಸು ಅದನ್ನು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಾರೆ.

“ಡಾಕ್ಟ್ರು ‘ಇಷ್ಟು ದಿನ ಇದನ್ನ ಯಾರು ತೊಳೀತಿದ್ರು’ ಅಂತ ಕೇಳಿದ್ರು. ನಂಗೆ ನಾಲಿಗೆ ಏಳಲಿಲ್ಲ. ಅವಳೇ ಹೇಳಿದ್ಲು, ‘ನಾನೇ ತೊಳ್ಕೋತಿದ್ದೆ ಸಾರ್, ಅಮ್ಮಂಗೆ ತೋರಿಸಿರಲಿಲ್ಲ’ ಅಂತ. ಬೈಸ್ಕೊಂಡ್ಲು ನನ್ನ ಬದಲಿಗೆ. ಅವತ್ತು ನನ್ನ ಮಾನ ಉಳಿಸಿದ್ಲು ನೋಡಿ, ಅವತ್ತೇ ಕೊನೆ. ಆಮೇಲೆ ನೋವಾಯ್ತು ಅಂತ ನನ್ನ ಹತ್ರ ಒಂದು ದಿನಾನೂ ಬಂದಿಲ್ಲ.”

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ಮಾಲೀಕರ ಮುಂದೆ ನಿಂತು, ಮೇಲುಗಿವಿಗೆ ಗನ್ ಹಾಕುವುದನ್ನು ನಿಲ್ಲಿಸಿ ಎಂದು ಕೇಳಿಕೊಂಡರು. ಹೊಸ ಸೂಜಿಯಿಂದ ನಿಧಾನಕ್ಕೆ ಚುಚ್ಚುವವರು ಬೇರೆ ಕಡೆ ಇದ್ದಾರಂತಲ್ಲ, ಅದನ್ನಾದರೂ ಕಲಿಯಿರಿ ಎಂದರು. “ಒಂದು ಕಿವಿ ಕೆಟ್ಟಿತು ಅಂತ ಅಂಗಡಿ ಮುಚ್ಚೋಕಾಗುತ್ತಾ?” ಎಂದರು ಅವರು. ಕೆಲಸ ಬಿಡುತ್ತೇನೆಂದು ಅಕ್ಕ ಮನೆಗೆ ಹೋದರು. ವಾರ ಕಳೆಯುವಷ್ಟರಲ್ಲಿ ವಾಪಸು ಬಂದರು. ಹೊಟ್ಟೆ ಕೇಳಬೇಕಲ್ಲ, ಅದೊಂದು. ಇನ್ನೊಂದು ಕಾರಣವನ್ನು ಅವರೇ ಹೇಳುತ್ತಾರೆ: “ನಾನು ಬಿಟ್ರೂ ಗನ್ ಬಿಡಲ್ಲ. ಚುಚ್ತಾನೇ ಇರ್ತಾರೆ. ಮೇಲುಗಿವಿ ಬಾತ್ಕೊಂಡು ಬಂದೋರನ್ನ ಆಸ್ಪತ್ರೆಗೆ ಓಡ್ಸೋಕಾದ್ರೂ ಒಬ್ರು ಬೇಡ್ವಾ?” ಹೀಗೆ ಓಡಿಸಿದ್ದಕ್ಕೆ ಎಷ್ಟು ಕಿವಿ ಉಳಿದಿವೆಯೋ ಅವರಿಗೆ ಗೊತ್ತಿಲ್ಲ. ಹುಷಾರಾದವರು ತಿರುಗಿ ಬಂದು ಹೇಳುವುದಿಲ್ಲ. ಬೆಳಗ್ಗೆ ಎಲ್ಲಕ್ಕಿಂತ ಮೊದಲು ಆ ಗನ್ನನ್ನು ಸ್ಪಿರಿಟ್ಟಿನಲ್ಲಿ ಒರೆಸಿಡುವ ಕೆಲಸವೂ ಅವರದೇ. ಒರೆಸುವಾಗ ಏನನ್ನಿಸುತ್ತದೆ ಎಂದರೆ, “ಏನೂ ಅನ್ನಿಸಲ್ಲ. ಅನ್ನಿಸೋದು ನಿಂತು ಎಷ್ಟೋ ದಿನ ಆಯ್ತು,” ಎನ್ನುತ್ತಾರೆ. ಅದು ಸುಳ್ಳು. ಅವರು ಒರೆಸುವ ರೀತಿ ನೋಡಿದರೆ ಆ ಗನ್ನಿನ ಬಣ್ಣವೇ ಕಿತ್ತು ಬರಬೇಕು.

ಮನೆ ಇರುವುದು ಇಸ್ತ್ರಿ ಅಂಗಡಿಯೊಂದರ ಮೇಲೆ. ಕಡಿದಾದ ಮೆಟ್ಟಿಲು, ಎರಡು ಕೋಣೆ, ಕೆಳಗಿನ ಇಸ್ತ್ರಿಯ ಬಿಸಿಗೆ ಸದಾ ಬೆಚ್ಚಗಿರುವ ನೆಲ. ಮಗಳು ಈಗ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದೂರದೃಷ್ಟಿ ಮಂದವಿರುವ ಅವಳಿಗೆ ಕನ್ನಡಕವಿಲ್ಲದೆ ಆಗುವುದಿಲ್ಲ, ಆದರೆ ಮುದುಡಿದ ಕಿವಿಯ ಮೇಲೆ ಕನ್ನಡಕದ ಕಡ್ಡಿ ನಿಲ್ಲುವುದಿಲ್ಲ. ಕಡ್ಡಿಗಳಿಗೆ ಇಲಾಸ್ಟಿಕ್ ಹೊಲಿದು ತಲೆಯ ಹಿಂದೆ ಕಟ್ಟಿಕೊಂಡು, ಮೇಲೆ ಕೂದಲು ಇಳಿಬಿಟ್ಟಿರುತ್ತಾಳೆ. ಆ ಇಲಾಸ್ಟಿಕ್ ಹೊಲಿದದ್ದೂ ಅವಳೇ. ಅಮ್ಮ ಹೊಲಿದುಕೊಡಲು ಸೂಜಿಗೆ ದಾರ ಪೋಣಿಸಿಕೊಂಡು ಕೂತಿದ್ದಾಗ, “ನಾನು ಮಾಡ್ಕೋತೀನಿ ಬಿಡು” ಎಂದು ಎತ್ತಿಕೊಂಡು ಹೋದಳಂತೆ.

ತಾಯಿ ಮಗಳ ನಡುವೆ ಜಗಳವಿಲ್ಲ. ಅಡುಗೆ ಒಟ್ಟಿಗೆ ಮಾಡುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಕೆಳಗಿನ ಇಸ್ತ್ರಿಯವನ ಗೊರಕೆಯನ್ನು ಆಡಿಕೊಂಡು ನಗುತ್ತಾರೆ. ನೋಡಿದವರು ಎಂಥ ಹೊಂದಾಣಿಕೆ ಎನ್ನಬೇಕು. ಒಂದೇ ಒಂದು ಬಾಗಿಲು ಮುಚ್ಚಿದೆ. ಮುಚ್ಚಿದ್ದನ್ನು ಇಬ್ಬರೂ ನೋಡದವರ ಹಾಗೆ ಇರುತ್ತಾರೆ.

ಇವತ್ತು ಸಂಜೆ ಮಗಳು ಬಂದಾಗ ಬಲಗೈಯ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು. ಅಕ್ಕ ಹೆಚ್ಚುತ್ತಿದ್ದ ಈರುಳ್ಳಿಯನ್ನು ಬಿಟ್ಟು ಎದ್ದೇಬಿಡುತ್ತಾರೆ.

“ಏನಾಯ್ತೇ ಕೈಗೆ?”

“ಏನಿಲ್ಲ ಬಿಡಮ್ಮ. ಪೇಪರ್ ಕತ್ತರಿಸೋ ಮೆಷಿನ್ನು ತಾಗ್ತು.”

“ಎಷ್ಟು ಹೊತ್ತಿಗೆ?”

“ಬೆಳಗ್ಗೇನೇ. ಹೊಲಿಗೆ ಹಾಕಿಸ್ಕೊಂಡೆ, ಇಂಜೆಕ್ಷನ್ನೂ ಆಯ್ತು. ಅಂಗಡಿಯವ್ರ ಹೆಂಡ್ತಿ ಕರ್ಕೊಂಡು ಹೋಗಿದ್ರು.”

“ನಂಗೊಂದು ಫೋನ್ ಮಾಡ್ಬಾರ್ದಿತ್ತಾ? ನಿಮ್ಮ ಅಂಗಡಿ ಪಕ್ಕದ ಬೀದೀಲೇ ಇದೀನಲ್ಲ.”

ಮಗಳು ಬ್ಯಾಗು ಇಳಿಸಿ, ಕನ್ನಡಕ ಸರಿಮಾಡಿಕೊಂಡು, ನೀರು ಕುಡಿಯುತ್ತಾಳೆ. “ನಿಂಗ್ಯಾಕೆ ಸುಮ್ನೆ ತೊಂದ್ರೆ ಅಂತ,” ಎನ್ನುತ್ತಾಳೆ. ಅಕ್ಕ ನೀರಿನ ಬಿಂದಿಗೆ ಎತ್ತಿಕೊಂಡು ಕೆಳಗಿನ ನಲ್ಲಿಗೆ ಹೊರಡುತ್ತಾರೆ. ಬಿಂದಿಗೆಯಲ್ಲಿ ಮುಕ್ಕಾಲು ನೀರು ಆಗಲೇ ಇತ್ತು.

ಅಮ್ಮನ ಹೆಜ್ಜೆ ಮೆಟ್ಟಿಲಿಳಿದ ಮೇಲೆ, ಮಾತು ಕೇಳಲು ಬಂದ ನಮ್ಮ ಮುಂದೆ ಮಗಳು ತಾನಾಗಿಯೇ ಬಾಯಿ ತೆರೆಯುತ್ತಾಳೆ. “ಅಮ್ಮನ ಮೇಲೆ ನಂಗೆ ಕೋಪ ಇಲ್ಲ. ಅಮ್ಮ ಬೇಕೂಂತ ಮಾಡಿದ್ದಲ್ಲ, ಗೊತ್ತು. ನಂಗೆ ಅಮ್ಮನಷ್ಟು ಇಷ್ಟ ಇನ್ಯಾರೂ ಇಲ್ಲ. ಆದ್ರೆ ಎಲ್ಲಾದ್ರೂ ನೋವಾಯ್ತು ಅಂದ್ರೆ, ಅಮ್ಮ ನನ್ನ ಕೈ ಹಿಡ್ಕೊಂಡಿದ್ದೇ ನೆನಪಾಗುತ್ತೆ. ನಾನೇನು ಮಾಡ್ಲಿ? ಅದನ್ನ ಅಮ್ಮಂಗೆ ಹೇಳೋದು ಹೇಗೆ?” ಬ್ಯಾಂಡೇಜಿನ ತುದಿಯನ್ನು ಉಗುರಿನಿಂದ ಒತ್ತುತ್ತ, ಮೆಟ್ಟಿಲ ಸದ್ದಿಗೆ ಕಿವಿಗೊಡುತ್ತಾಳೆ.

ಹೇಳಬೇಕಾಗಿಲ್ಲ. ಅಕ್ಕನಿಗೆ ಅದು ಗೊತ್ತಿದೆ. ಇಸ್ತ್ರಿ ಅಂಗಡಿಯ ಪಕ್ಕದ ನಲ್ಲಿಯ ಕೆಳಗೆ ಬಿಂದಿಗೆ ತುಂಬಿ ನೀರು ಹೊರಗೆ ಹರಿಯುತ್ತಿದೆ. ಅವರು ನಲ್ಲಿ ನಿಲ್ಲಿಸದೆ ಕಟ್ಟೆಯ ಮೇಲೆ ಕೂತಿದ್ದಾರೆ. ದಿನವಿಡೀ ಊರವರ ಗಾಯಕ್ಕೆ ಬಗ್ಗಿ ಬಗ್ಗಿ ಗೂನಾದ ಬೆನ್ನು. ಮಿಂಚಿಹೋದ ಕೆಲಸಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳುವುದು ಸುಲಭ. ಈ ಕಟ್ಟೆಯ ಮೇಲೆ ಕೂತವರಿಗೆ ಆ ಮಾತು ಹೇಳಲು ಬಾಯಿ ಬರುವುದಿಲ್ಲ.

ಏನಾಸೆ ಅಕ್ಕಾ ನಿಮಗೆ, ಎಂದು ಕೇಳಿದರೆ, ಎದ್ದು ನಲ್ಲಿ ನಿಲ್ಲಿಸುತ್ತಾರೆ.

“ಅವಳಿಗೆ ನೋವಾದಾಗ ನನ್ನನ್ನ ಕರೀಬೇಕು. ಅಷ್ಟೇ. ನಾನು ಮುಟ್ಟಲ್ಲ. ತೊಳೆಯಲ್ಲ. ಹತ್ರಾನೂ ಹೋಗಲ್ಲ. ಆಸ್ಪತ್ರೇಲಿ ಬಾಗಿಲ ಹೊರಗೆ ಅವಳ ಚಪ್ಪಲಿ ಕಾಯ್ತಾ ನಿಂತಿರ್ತೀನಿ. ಕರೀಲಿ.”